ಹೊಗೆಯಿಲ್ಲದ ಒಂಬತ್ತು ಚಿಮಣಿಗಳು

ಥರ್ಜಾ ಆರ್ಮರಾಡ್ ಸುಳ್ಳು ಹೇಳಲು ಕಲಿತಿರಲಿಲ್ಲ. ಅದೇ ಅವಳಿಗೆ ಮುಳುವಾಯಿತು.

ಲ್ಯಾಂಕಾಶೈರಿನ ನಮ್ಮೂರ ಗಿರಣಿಯಲ್ಲಿ ನಾವಿಬ್ಬರೂ ಅಕ್ಕಪಕ್ಕದ ಮಗ್ಗಗಳಲ್ಲಿ ಮೂವತ್ತು ವರ್ಷ ನೇಯ್ದವರು. ಗಿರಣಿ ಮುಚ್ಚಿದ ಮೇಲೆ ನಿರುದ್ಯೋಗ ಭತ್ಯೆಯೇ ಗತಿ. ಅದು ಸಿಗಬೇಕಾದರೆ ದಿನವೂ ಗಿರಣಿಯಿಂದ ಗಿರಣಿಗೆ ನಡೆದು ಕೆಲಸ ಕೇಳಿದ್ದೇವೆಂದು ನಾವೇ ರುಜುವಾತು ಮಾಡಬೇಕಿತ್ತು. ಕಳೆದ ಚಳಿಗಾಲದ ವಿಚಾರಣೆಯಲ್ಲಿ ಭತ್ಯೆ ಕಚೇರಿಯ ಸಾಹೇಬರು ಥರ್ಜಾಳನ್ನು, "ಮಂಗಳವಾರ ಎಲ್ಲಿಗೆ ಹೋಗಿದ್ದೆ?" ಎಂದು ಕೇಳಿದರು.

"ಎಲ್ಲಿಗೂ ಇಲ್ಲ ಸಾಹೇಬ್ರೆ. ನಮ್ಮ ಹಿತ್ತಿಲಲ್ಲಿ ನಿಂತ್ರೆ ಒಂಬತ್ತು ಚಿಮಣಿ ಕಾಣ್ತವೆ. ಒಂದ್ರಲ್ಲೂ ಹೊಗೆ ಇರಲಿಲ್ಲ. ಯಾರನ್ನ ಕೇಳ್ಲಿ?"

ಹೊಗೆಯಿಲ್ಲದಿದ್ದರೆ ಕೆಲಸವಿಲ್ಲ, ಇದು ನಮ್ಮೂರ ಮಕ್ಕಳಿಗೂ ಗೊತ್ತು. ಓದಿದ ಸಾಹೇಬರಿಗೆ ಗೊತ್ತಿರಲಿಲ್ಲ. ಭತ್ಯೆ ನಿಲ್ಲಿಸಿದರು. ಆರು ವಾರ ಅವಳು ನಮ್ಮ ಮನೆಯಲ್ಲೇ ಉಂಡಳು, ತಲೆಯೆತ್ತದೆ. ಆಮೇಲೆ ಭತ್ಯೆ ಮತ್ತೆ ಸಿಗಲೆಂದು ಮರದಟ್ಟೆಯ ಜೋಡು ಸವೆಯುವಷ್ಟು ನಡೆದಳು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮಾರ್ಚಿನಲ್ಲಿ ಲೇಬರ್ ಪಕ್ಷದ ಸರ್ಕಾರ ಆ ನಿಯಮವನ್ನೇ ಕಿತ್ತುಹಾಕಿತೆಂದು ಪತ್ರಿಕೆಯಲ್ಲಿ ಬಂತು. ಥರ್ಜಾ ನಂಬಲಿಲ್ಲ.

"ಸದನದಲ್ಲಿ ಅರ್ಧ ಜನಾನೂ ಇವರ ಕಡೆ ಇಲ್ಲ ಕಣೇ ಲೆಟ್ಟಿ. ಇವರ ಮಾತು ನಮ್ಮೂರ ತನಕ ಬರುತ್ತಾ?"

ಅಷ್ಟರಲ್ಲೇ ಅವಳ ಕಾಲು ಊದಿಕೊಂಡು ಒಂದು ವಾರ ನಡೆಯಲಾಗಲಿಲ್ಲ. ಮತ್ತೆ ವಿಚಾರಣೆಗೆ ಕರೆ ಬಂತು. ಈ ಸಲ ಭತ್ಯೆ ನಿಂತರೆ ಬಾಡಿಗೆ ಮನೆಯೂ ಕೈತಪ್ಪುತ್ತಿತ್ತು.

ನಾನು ಗಾಜಿನ ಬಾಗಿಲಾಚೆ ನಿಂತಿದ್ದೆ. ಒಳಗೆ ಮೂವರು ಸಾಹೇಬರು ತಲೆಗೆ ತಲೆ ತಾಗಿಸಿ ಗುಸುಗುಸು ಶುರುಮಾಡಿದರು. ಪಾಪ, ಎದುರಿಗಿರುವವಳು ನೇಕಾರಳೆಂಬುದನ್ನು ಮರೆತಿದ್ದರು. ಮಗ್ಗಗಳ ಗದ್ದಲದಲ್ಲಿ ಕಿವಿ ಇದ್ದೂ ಇಲ್ಲದಂತೆ. ನಾವು ತುಟಿ ನೋಡಿಯೇ ಮೂವತ್ತು ವರ್ಷ ಹರಟಿದವರು. ಒಬ್ಬರ ಮಾತು ಮೀಸೆಯೊಳಗೇ ಉಳಿಯಿತು. ನಡುವಿನವರದು ಇಬ್ಬರಿಗೂ ಸ್ಪಷ್ಟವಾಗಿ ಕಂಡಿತು:

"ಎಲ್ಲಿ ಕೆಲಸ ಹುಡುಕಿದೆ ಅಂತ ಇನ್ನು ಕೇಳೋ ಹಾಗಿಲ್ಲ. ಕೆಲಸ ನಾವೇ ತೋರಿಸ್ಬೇಕು. ತೋರಿಸೋಕೆ ಎಲ್ಲಿದೆ? ಕೊಟ್ಟುಬಿಡೋಣ."

ಥರ್ಜಾ ನನ್ನ ಕಡೆ ತಿರುಗಿ ಸದ್ದಿಲ್ಲದೆ ತುಟಿಯಾಡಿಸಿದಳು: "ಹೋಗಿ ಚಹಾಕ್ಕಿಡು. ನಾನು ಬಂದು ಕೂತ್ಕೋತೀನಿ."

ಸಾಹೇಬರು ಆಗಿನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ನನಗೆ ಅಲ್ಲೇ ಅಳು ಬಂತು.

ಮಧ್ಯಾಹ್ನ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಜೋಡು ಬಿಚ್ಚಿಟ್ಟು, ಊದಿದ ಕಾಲನ್ನು ಬಿಸಿಲಿಗೆ ಚಾಚಿ, ಎರಡನೇ ಲೋಟ ಚಹಾ ಕುಡಿಯುತ್ತ ಚಿಮಣಿಗಳನ್ನು ಒಂದೊಂದಾಗಿ ನೋಡಿದಳು.

"ಇವತ್ತೂ ಒಂದ್ರಲ್ಲೂ ಹೊಗೆ ಇಲ್ಲ," ಎಂದಳು.

ನಿಜ ಹೇಳಿದ್ದಕ್ಕೆ ಆ ದಿನ ಯಾರೂ ಅವಳ ಅನ್ನ ಕಸಿದುಕೊಳ್ಳಲಿಲ್ಲ.