ಮಡುವಿಗೆ ಇಳಿಯುವ ದಾರಿ

ತಿಪಟೂರು ಸೀಮೆಯ ಒಂದು ಸಣ್ಣ ಪೇಟೆಯಲ್ಲಿ ನಾವಿದ್ದೆವು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಪೇಟೆಯ ಹಿಂದೆ ಹಳ್ಳ. ಅದರ ದಂಡೆ ಆಗ ಬರೀ ಗಲೀಜು. ಊರಿನ ಕಸ, ಸತ್ತ ನಾಯಿ, ಒಡೆದ ಗಡಿಗೆ ಎಲ್ಲ ಅಲ್ಲೇ ಬೀಳುತ್ತಿದ್ದವು. ಅದನ್ನು ಚೊಕ್ಕ ಮಾಡಿ, ಹುಲ್ಲು ಬೆಳೆಸಿ, ಹೊಂಗೆ ನೆಟ್ಟು, ಕಲ್ಲುಬೆಂಚು ಹಾಕಿ ಪಾರ್ಕು ಮಾಡುತ್ತೇವೆಂದು ಪುರಸಭೆಯವರು ಹೇಳಿದಾಗ ನಾನು ಬೇಡ ಎನ್ನಲಿಲ್ಲ. ನನ್ನ ಗಂಡನಿಗೂ ಅಲ್ಲೇ ಕೂಲಿ ಸಿಕ್ಕಿತ್ತು.

ನನ್ನ ಕೆಲಸ ತೆಂಗಿನ ಗರಿ ಹೆಣೆಯುವುದು. ತೋಟದಲ್ಲಿ ಬಿದ್ದ ಗರಿಯನ್ನು ನಡುವೆ ಸೀಳಿ, ಕಂತೆ ಕಟ್ಟಿ, ಮೇಲೆ ಕಲ್ಲು ಹೇರಿ ನಾಲ್ಕು ದಿನ ನೀರಿನಲ್ಲಿ ಮುಳುಗಿಸಬೇಕು. ನೆನೆದದ್ದು ಬೆರಳು ಹೇಳಿದಂತೆ ಬಾಗುತ್ತದೆ. ಒಣಗಿದ್ದು ಪಟಕ್ಕನೆ ಮುರಿಯುತ್ತದೆ. ಮದುವೆಗಳೆಲ್ಲ ಬೇಸಿಗೆಯಲ್ಲಿ, ಚಪ್ಪರಕ್ಕೆ ಗರಿ ಬೇಕಾಗುವುದೂ ಆಗಲೇ. ಬೇಸಿಗೆಯಲ್ಲಿ ಹಳ್ಳದಲ್ಲಿ ನೀರು ನಿಲ್ಲುವುದು ಒಂದೇ ಕಡೆ, ತಿರುವಿನ ಮಡುವಿನಲ್ಲಿ. ಬಟ್ಟೆ ಒಗೆಯುವವರಿಗೂ ಅದೇ, ದನಕ್ಕೂ ಅದೇ, ನನಗೂ ಅದೇ.

ಸಂಕ್ರಾಂತಿಯ ಹೊತ್ತಿಗೆ ಒಂದು ದಿನ ಹೋಗಿ ನೋಡುತ್ತೇನೆ, ನಾನು ಮುಳುಗಿಸಿದ್ದ ಕಂತೆಗಳನ್ನೆಲ್ಲ ಕಸವೆಂದು ಎಳೆದು ಬಿಸಿಲಿಗೆ ಬಿಸಾಕಿದ್ದಾರೆ. ಎಳೆದವರಲ್ಲಿ ನನ್ನ ಗಂಡನೂ ಒಬ್ಬ. ಕೇಳಿದ್ದಕ್ಕೆ, ಮೇಸ್ತ್ರಿ ಎಳೆ ಅಂದ, ಎಳೆದೆ ಅಂದ. ಮಡುವಿನ ಉದ್ದಕ್ಕೂ ದಾರ ಕಟ್ಟಿತ್ತು. ಅಲ್ಲಿ ಎದೆಮಟ್ಟದ ಗೋಡೆ ಬರುತ್ತದಂತೆ. ನೀರಿಗಿಳಿಯಲು ಮೆಟ್ಟಿಲು ಮಾತ್ರ ಮೇಲುಗಡೆ ಸೇತುವೆಯ ಹತ್ತಿರ. ರಸ್ತೆಯಿಂದ ನೋಡಲು ಚೆಂದವಂತೆ. ಪುರಸಭೆಯವರು ಬಂದು ಅಳೆದದ್ದು ಜೋರು ಮಳೆ ಹೊಯ್ದ ಮರುವಾರ. ಆಗ ಎಲ್ಲಿ ನೋಡಿದರೂ ನೀರು. ಶಿವರಾತ್ರಿ ಕಳೆದರೆ ಸೇತುವೆಯ ಹತ್ತಿರ ಮರಳು ಬಿಟ್ಟು ಏನೂ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಮೇಸ್ತ್ರಿ ಬಾಯಿ ಬಿಟ್ಟಿರಲಿಲ್ಲ.

ಕೆಲಸ ನೋಡಿಕೊಳ್ಳುತ್ತಿದ್ದ ಪುರಸಭೆಯ ಓವರ್‌ಸಿಯರ್ ಹತ್ತಿರ ಎರಡು ಸಲ ಹೋದೆ. ಪ್ಲಾನು ಪಾಸಾಗಿದೆ ಎಂದು ಎರಡು ಸಲವೂ ನನ್ನ ಮಾತು ಮುಗಿಯುವ ಮೊದಲೇ ವಾಪಸು ಕಳಿಸಿದರು. ಮನೆಯಲ್ಲಿ ಗಂಡ ತಟ್ಟೆಯಿಂದ ತಲೆ ಎತ್ತದೆ, ಕೆಲಸ ಹೋಗುತ್ತದೆ, ಸುಮ್ಮನಿರು ಅಂದ.

ಮಾರನೆಯ ದಿನ ಕಾಂಕ್ರೀಟು ಹಾಕುವುದಿತ್ತು. ಬೆಳಿಗ್ಗೆ ಸಿಮೆಂಟು, ಜಲ್ಲಿ, ಮರಳು ಕಲಸಿ ಗುಡ್ಡೆ ಮಾಡಿದ್ದರು. ನಾನು ಹೋಗಿ ತೋಡಿದ್ದ ಪಾಯದೊಳಗೆ, ಮಡುವಿನ ನೇರಕ್ಕೆ, ಕಾಲು ಚಾಚಿ ಕೂತೆ. ಬಾಂಡ್ಲಿ ಹೊತ್ತವರು ಸಾಲಾಗಿ ನಿಂತರು. ಎಲ್ಲರಿಗಿಂತ ಮುಂದೆ ನನ್ನ ಗಂಡ.

ಮೇಸ್ತ್ರಿ ಗುಡ್ಡೆಯ ಸುತ್ತ ಚಡಪಡಿಸುತ್ತ ಓಡಾಡಿದ. ಕಲಸಿದ ಮೇಲೆ ಹೊತ್ತು ಕಳೆದರೆ ಅದು ಕಲ್ಲಾಗುತ್ತದೆ.

"ಲೇ, ನಿನ್ ಹೆಂಡ್ರುನ್ನ ಎತ್ಕೊಂಡ್ ಹೋಗ್ಲಾ. ಇಲ್ದಿದ್ರೆ ಗ್ವಾಡೆ ಒಳ್ಗೇ ಸೇರ್ಸಿ ಕಟ್ಬುಡ್ತೀನಿ."

"ಕಟ್ಟಪ್ಪ," ಅಂದೆ. "ನಿನ್ ಗ್ವಾಡೆಗೂ ಒಸಿ ಗಟ್ಟಿ ಬತ್ತದೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನ್ನ ಗಂಡ ನಗಲಿಲ್ಲ. ಬಾಂಡ್ಲಿಯಿಂದ ಸಿಮೆಂಟಿನ ನೀರು ಅವನ ಕತ್ತಿನ ಮೇಲೆ ಇಳಿಯುತ್ತಿತ್ತು. ಅವನು ನನ್ನ ಕಡೆ ನೋಡುತ್ತಲೂ ಇರಲಿಲ್ಲ.

ಓವರ್‌ಸಿಯರ್ ಸೈಕಲ್ಲಿನಲ್ಲಿ ಬಂದರು. ಮೇಸ್ತ್ರಿ ನನ್ನ ಮೇಲೆ ದೂರು ಹೇಳಿ ಮುಗಿಸಿದ. ಆಮೇಲೆ, ಬೇಸಿಗೆಯಲ್ಲಿ ಸೇತುವೆಯ ಹತ್ತಿರ ನೀರಿರುತ್ತದೋ ಇಲ್ಲವೋ ಅಷ್ಟನ್ನು ಈ ಊರವರನ್ನೇ ಕೇಳಿ, ಇರುತ್ತದೆ ಅಂದರೆ ಏಳುತ್ತೇನೆ ಅಂದೆ. ಅವರು ಮೇಸ್ತ್ರಿಯನ್ನು ಕೇಳಿದರು. ಅವನು ಗುದ್ದಲಿಯ ಮಣ್ಣು ಕೆರೆಯುತ್ತ, ಮಳೆ ನೋಡ್ಕಂಡು ಇರ್ತದೆ ಸಾರ್ ಅಂದ. ಆಗ ಅವರು ಮುಂದೆ ನಿಂತಿದ್ದವನ ಕಡೆ ತಿರುಗಿದರು.

"ನೀನೂ ಈ ಊರವನೇ ಅಲ್ವೇನಯ್ಯಾ? ನೀನು ಹೇಳು."

ಅವನು ನನ್ನ ಗಂಡ ಎಂದು ಅವರಿಗೆ ಗೊತ್ತಿರಲಿಲ್ಲ. ಮೇಸ್ತ್ರಿ ಸುರಿ ಎಂದಿದ್ದರೆ ಅವನು ನನ್ನ ಮೇಲೆ ಸುರಿಯುತ್ತಿದ್ದನೇನೋ. ಸುರಿಯುತ್ತಿರಲಿಲ್ಲ ಎಂಬ ನಂಬಿಕೆ ನನಗೆ ಈಗಲೂ ಇಲ್ಲ. ಅವನು ಬಾಂಡ್ಲಿಯನ್ನು ತಲೆಯಿಂದ ಇಳಿಸಿ ಪಕ್ಕಕ್ಕಿಟ್ಟ.

"ಅಲ್ಲಿ ನೀರಿರಲ್ಲ ಸ್ವಾಮಿ. ಇರೋದು ಇಲ್ಲೇ. ಅವಳು ಕುಂತಿರೋ ತಾವು."

ಓವರ್‌ಸಿಯರ್ ಮಡುವನ್ನು, ಸೇತುವೆಯನ್ನು, ಗಟ್ಟಿಯಾಗುತ್ತಿದ್ದ ಗುಡ್ಡೆಯನ್ನು ನೋಡಿದರು. ಆಮೇಲೆ ತಾವೇ ದಾರ ಬಿಚ್ಚಿ, ಎಂಟಡಿ ಬಿಟ್ಟು ಎರಡೂ ಕಡೆ ಗೂಟ ಹೊಡೆಸಿದರು. ಈ ಬಿಟ್ಟ ಜಾಗದಲ್ಲಿ ಇಳಿಜಾರು ಮಾಡಿ, ದನದ ಕಾಲು ಜಾರದಂತೆ ಒರಟು ಕಲ್ಲು ಹಾಸಿ ಎಂದರು. ನಾನು ಎದ್ದು ಸೀರೆ ಕೊಡವಿಕೊಂಡೆ. ಕಾಂಕ್ರೀಟು ನನ್ನ ಎರಡೂ ಪಕ್ಕಕ್ಕೆ ಬಿತ್ತು.

ಮರುದಿನ ಮೇಸ್ತ್ರಿ ನನ್ನ ಗಂಡನನ್ನು ಕೆಲಸಕ್ಕೆ ಕರೆಯಲಿಲ್ಲ. ಎಂಟು ದಿನ ಅವನು ನನ್ನೊಂದಿಗೆ ಮಾತು ಬಿಟ್ಟ. ನಾನೂ ಕೆದಕಲಿಲ್ಲ. ಒಂಬತ್ತನೆಯ ದಿನ ಕುಡುಗೋಲು ಹಿಡಿದು ತಾನಾಗಿ ಬಂದು ಗರಿ ಸೀಳಲು ಕೂತ. ಕಂತೆಗಳನ್ನು ಹೊತ್ತು ಆ ಹೊಸ ಕಲ್ಲಿನ ಮೇಲೆ ಇಳಿದು ನೀರಿಗೆ ಹಾಕಿದ. ನಾಲ್ಕು ದಿನದ ಮೇಲೆ ಹೆಣೆಯಲೂ ಕೂತ. ಅವನು ಹೆಣೆದದ್ದು ಎತ್ತಿ ಹಿಡಿದರೆ ಸಂದಿಗಳಲ್ಲಿ ಬೆಳಕು ಕಾಣುತ್ತಿತ್ತು. ಬಿಚ್ಚಿ ಮತ್ತೆ ಹೆಣೆ ಅಂದೆ.