ಹಾಡಿಗೆ ಕಾಯುವ ನೀಲಿ

ಲಷ್ಕರ್ ಮೊಹಲ್ಲಾದ ಸಣ್ಣ ಮಠದ ಹಜಾರದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಒಬ್ಬಾಕೆ ಕಸ ಗುಡಿಸುತ್ತಿದ್ದಾಳೆ. ಅಮರೇಶ್ ಹಿಂದಿನ ಗೋಡೆಗೆ ಬಿಳಿ ಪಂಚೆಯೊಂದನ್ನು ಸುಕ್ಕಿಲ್ಲದಂತೆ ಎಳೆದು ಕಟ್ಟುತ್ತಿದ್ದಾರೆ. ಕಟ್ಟಿ ಮುಗಿಸಿ ಕಂಪ್ಯೂಟರಿನ ಕೀಲಿಯೊಂದನ್ನು ಒತ್ತಿ, ಮೈಕಿನ ಮುಂದೆ ಮೆಲ್ಲಗೆ ಕೆಮ್ಮುತ್ತಾರೆ. ಪ್ರೊಜೆಕ್ಟರಿನ ಬೆಳಕು ಬಿದ್ದ ಪಂಚೆಯ ಮೇಲೆ ನೀಲಿ ಬಣ್ಣದ ಅಲೆಯೊಂದು ಎದ್ದು ಅಡಗುತ್ತದೆ.

ಇಂದು ಕರಿಬಸವಯ್ಯನವರ ಎರಡನೆಯ ವರ್ಷದ ಪುಣ್ಯಸ್ಮರಣೆ. ಈ ಬೀದಿಗಳ ಎಷ್ಟೋ ಮಕ್ಕಳಿಗೆ ವಚನ ಹಾಡುವುದನ್ನು ಕಲಿಸಿದವರು ಅವರು. ಅಮರೇಶ್ ಕೂಡ ಆ ಮಕ್ಕಳಲ್ಲಿ ಒಬ್ಬರು. ಇಂದು ಕರಿಬಸವಯ್ಯನವರ ಪತ್ನಿ ಮಂಜುಳಮ್ಮ ತಮ್ಮ ಮಂಡಳಿಯೊಡನೆ ಹಾಡುತ್ತಾರೆ. ಹಾಡಿನ ಹಿಂದೆ ಪರದೆಯ ಮೇಲೆ ಬಣ್ಣಗಳು ಚಲಿಸುತ್ತವೆ.

ತೊಂಬತ್ತರ ದಶಕದಲ್ಲಿ ಅಮರೇಶ್ ಅವರದು ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿ. ಸಿ.ಡಿ. ಬಂದ ಮೇಲೆ ಅಂಗಡಿಗೆ ಬರುವವರು ಕಡಿಮೆಯಾದರು. ಹಳೆಯ ಕಂಪ್ಯೂಟರ್ ಒಂದನ್ನು ತಂದು, ಸಂಗೀತಕ್ಕೆ ತಕ್ಕಂತೆ ಬಣ್ಣ ಕುಣಿಸುವ ಸಾಫ್ಟ್‌ವೇರನ್ನು ತಾವೇ ತಡಕಾಡಿ ಕಲಿತರು. ದನಿ ಏರಿದರೆ ಅಲೆ ಏರುತ್ತದೆ, ಇಳಿದರೆ ಇಳಿಯುತ್ತದೆ. ಅದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಯಾವ ಗಳಿಗೆಗೆ ನೀಲಿ ಹೋಗಿ ಕೆಂಪು ಬರಬೇಕು, ಅಲೆ ಹೋಗಿ ಚಕ್ರ ಬರಬೇಕು ಎಂದು ಮೊದಲೇ ಗೊತ್ತುಮಾಡಿಡುವುದು ಇವರ ಕೆಲಸ. ಒಂದು ಸಲ ಹೊರಡಿಸಿದರೆ ಸಾಕು, ಕೊನೆಯವರೆಗೂ ತಾನೇ ನಡೆಯುತ್ತದೆ. ಕಾಲೇಜಿನ ವಾರ್ಷಿಕೋತ್ಸವ, ಮದುವೆಯ ಆರತಕ್ಷತೆ, ಕಂಪನಿಗಳ ಸಭೆ ಎಂದು ವಾರಕ್ಕೆ ಎರಡು ಮೂರು ಕಡೆ ಪರದೆ ಕಟ್ಟುತ್ತಾರೆ. ನೋಡಿದವರು ಬಣ್ಣವನ್ನು ಹೊಗಳುತ್ತಾರೆ. ಕಟ್ಟಿದವರು ಯಾರೆಂದು ಕೇಳುವುದಿಲ್ಲ.

ನಾನು ಹೋದ ವರ್ಷದ ಮಾತು ತೆಗೆದಾಗ ಅವರ ಕೈ ವೈರಿನ ಮೇಲೆಯೇ ನಿಲ್ಲುತ್ತದೆ. ಅಗಲಿದವರಿಗೆ ಪ್ರಿಯವಾದ ಸಾಲನ್ನು ಮನಸ್ಸು ತಣಿಯುವವರೆಗೆ ಮತ್ತೆ ಮತ್ತೆ ಹಾಡುವುದು ಈ ಮಂಡಳಿಯ ವಾಡಿಕೆ. ಅಭ್ಯಾಸದಲ್ಲಿ ಹಾಗೆ ಹಾಡುವುದಿಲ್ಲ. ಅಮರೇಶ್ ಅಭ್ಯಾಸದ ಹಾಡನ್ನು ರೆಕಾರ್ಡ್ ಮಾಡಿಕೊಂಡು, ಅದರ ಅಳತೆಗೇ ಬಣ್ಣಗಳನ್ನು ಹೊಂದಿಸಿದ್ದರು. ಹಾಡು ಶುರುವಾದ ಮೇಲೆ ಚಹಾದಂಗಡಿಗೆ ಹೋಗಿ, ಇನ್ನು ಅಲ್ಲಿ ನನ್ನ ಅಗತ್ಯವೇ ಇಲ್ಲ ಎಂದು ಜಂಬ ಕೊಚ್ಚುತ್ತ ನಿಂತಿದ್ದರು. ಒಳಗೆ ಮಂಜುಳಮ್ಮ ಗಂಡನ ಮೆಚ್ಚಿನ ಸಾಲಿಗೆ ಬಂದು, ಕಣ್ಣೊರೆಸಿಕೊಂಡು, ಮತ್ತೆ ಅದೇ ಸಾಲನ್ನು ಎತ್ತಿಕೊಂಡರು. ಯಂತ್ರ ಕಾಯಲಿಲ್ಲ. ಮಂಗಳಕ್ಕೆಂದು ಇಟ್ಟಿದ್ದ ಬಂಗಾರದ ಬಣ್ಣದ ಹೂಬಾಣಗಳು ಅಳುವ ಹೆಂಗಸಿನ ತಲೆಯ ಮೇಲೆ ಸಿಡಿಯತೊಡಗಿದವು. ಹಾಡು ಮುಗಿಯಿತೆಂದುಕೊಂಡು ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಯಾರೋ ನಕ್ಕರು.

"ಅವ್ರು ಹಂಗೇ ಹಾಡ್ತಾರೆ ಅಂತ ನಂಗೊತ್ತಿತ್ತು ಸಾರ್. ಚಿಕ್ಕೋನಿದ್ದಾಗಿಂದ ಕೇಳಿದ್ದೀನಿ. ಗೊತ್ತಿಲ್ದೆ ಆಗಿದ್ರೆ ಬೇರೆ ಮಾತು," ಎನ್ನುತ್ತಾರೆ, ನೆಲ ನೋಡುತ್ತ.

ಅಂದು ಪ್ರಸಾದಕ್ಕೂ ನಿಲ್ಲದೆ ಸಾಮಾನು ಕಟ್ಟಿಕೊಂಡು ಹೊರಟುಬಿಟ್ಟರಂತೆ. "ಹಾಡೋರು ಮನುಷ್ಯರು ಕಣೋ, ನಿನ್ನ ಟೇಪಲ್ಲ," ಎಂದರಂತೆ ತಾಯಿ ದೇವಿರಮ್ಮ. ಆಮೇಲೆ ವರ್ಷವಿಡೀ ಮಂಜುಳಮ್ಮನವರ ಮನೆಯ ಬೀದಿ ತಪ್ಪಿಸಿ, ಹಿಂದಿನ ಗಲ್ಲಿಯಿಂದ ಸುತ್ತಿಕೊಂಡು ಅಂಗಡಿಗೆ ಹೋಗುತ್ತಿದ್ದರು. ಈ ಸಲ ಪರದೆಯೇ ಬೇಡವೆಂದು ಮಂಡಳಿಯವರು ಹೇಳಿದ್ದರು. ಮಂಜುಳಮ್ಮ ತಾವೇ ಅಂಗಡಿಯ ಬಾಗಿಲಿಗೆ ಬಂದು ನಿಂತರು. "ಪರದೆ ಕಟ್ಟೋಕೆ ಬತ್ತೀಯೋ, ಇನ್ನೂ ಸುತ್ತಾಕ್ಕೊಂಡೇ ಓಡಾಡ್ತೀಯೋ?"

ಅಗಲಿದವರ ಮುಂದೆ ಉಳಿದವರು ಎಷ್ಟು ಹೊತ್ತು ನಿಲ್ಲುತ್ತಾರೆಂದು ಮೊದಲೇ ಗೊತ್ತುಮಾಡಲು ಬರುವುದಿಲ್ಲ. ಆ ಅಳತೆ ಶಿವನಿಗೇ ಗೊತ್ತು. ಅಮರೇಶ್ ಈ ಸಲ ಆ ಒಂದು ಸಾಲಿನಲ್ಲಿ ಯಂತ್ರವನ್ನು ಗಡಿಯಾರದಿಂದ ಬಿಡಿಸಿದ್ದಾರೆ. ಅಲ್ಲಿಯವರೆಗೆ ಎಲ್ಲವೂ ತಾನಾಗಿ ಬದಲಾಗುತ್ತದೆ. ಅಲ್ಲಿ ಬಂದು ನೀಲಿ ನಿಲ್ಲುತ್ತದೆ. ಇವರು ಕೀಲಿ ಒತ್ತಿದರೆ ಮಾತ್ರ ಮುಂದೆ ಸಾಗುತ್ತದೆ. ಹೂಬಾಣಗಳನ್ನು ತೆಗೆದು, ಮಂಗಳಕ್ಕೆ ದೀಪದ ಕುಡಿಯಂಥ ಒಂದು ಬೆಳಕನ್ನು ಇಟ್ಟಿದ್ದಾರೆ.

ಹಜಾರ ತುಂಬಿದೆ. ಮಂಜುಳಮ್ಮ ಆ ಸಾಲಿಗೆ ಬರುತ್ತಾರೆ, ಮತ್ತೆ ಹಾಡುತ್ತಾರೆ, ಮತ್ತೆ. ದನಿ ಒಡೆದಾಗ ಹಿಂದಿನ ಅಲೆ ತೆಳ್ಳಗಿನ ಗೆರೆಯಾಗುತ್ತದೆ. ದನಿ ಬಂದಾಗ ಮತ್ತೆ ಏಳುತ್ತದೆ. ಅಮರೇಶ್ ನೆಲದ ಮೇಲೆ ಕುಳಿತು, ಕೀಲಿಯ ಮೇಲೆ ಬೆರಳಿಟ್ಟು, ಪರದೆಯ ಬದಲು ಆಕೆಯ ಮುಖವನ್ನೇ ನೋಡುತ್ತಿದ್ದಾರೆ. ಬಹಳ ಹೊತ್ತಿನ ಮೇಲೆ ಆಕೆ ಕಣ್ಣು ತೆರೆದು ಮುಂದಿನ ಸಾಲಿಗೆ ಹೋಗುತ್ತಾರೆ. ಬೆರಳು ಇಳಿಯುತ್ತದೆ.

ಜನ ಪ್ರಸಾದದ ಪಂಕ್ತಿಗೆ ಏಳುತ್ತಾರೆ. ಅಮರೇಶ್ ವೈರು ಸುತ್ತಿಕೊಂಡು ಬಾಗಿಲ ಕಡೆ ಸರಿಯುವಷ್ಟರಲ್ಲಿ ಮಂಜುಳಮ್ಮ ಪಾಯಸದ ಸೌಟು ಹಿಡಿದು ಅಡ್ಡ ನಿಲ್ಲುತ್ತಾರೆ.

"ಹೋದ್ ವರ್ಷದ್ದೂ ಸೇರ್ಸಿ ಬಡಿಸ್ತೀನಿ. ಕೂತ್ಕೊ."

ಅವರು ಕೊನೆಯ ಎಲೆಗೆ ಕೂರುತ್ತಾರೆ. ಆಕೆ ಬಡಿಸಿ ಆಚೆ ಹೋಗುವವರೆಗೂ ತಲೆ ಎತ್ತುವುದಿಲ್ಲ.

"ಇವತ್ತು ಯಾರೂ ಪರದೆ ಬಗ್ಗೆ ಮಾತೇ ಆಡ್ತಿಲ್ಲ," ಎನ್ನುತ್ತಾರೆ ಪಕ್ಕದಲ್ಲಿ ಕುಳಿತ ನನ್ನತ್ತ ಬಾಗಿ, ಮೆಲ್ಲಗೆ. "ನೋಡಿದ್ರಾ ಸಾರ್?"