ಮೂಡಲಗಿಯ ಕಪ್, ಹುಕ್ಕೇರಿಯ ಬಶಿ

ಗೋಕಾಕದ ನಮ್ಮ ಮನೆಯ ಪಡಸಾಲೆಯಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು ಇದೆ. ಮೇಲಿನ ಅಂಕಣದಲ್ಲಿ ಜಪಾನಿನ ಹಳೆಯ ಪಿಂಗಾಣಿ, ನಡುವೆ ಅದೇ ದೇಶದ ಈಗಿನ ಕುಂಬಾರರ ನಾಲ್ಕಾರು ಬಟ್ಟಲು, ಕೆಳಗೆ ಮರದಚ್ಚಿನಿಂದ ಒತ್ತಿದ ಚಿತ್ರಗಳು. ನೋಡಲು ಬಂದವರು ಮೇಲಿನ ಅಂಕಣದ ಎಡತುದಿಯಲ್ಲಿ ನಿಲ್ಲುತ್ತಾರೆ. ಅಲ್ಲಿ ನೀಲಿ ಹೂಬಳ್ಳಿಯ ಅಂಚಿನ ಆರು ಬಶಿಗಳಿವೆ. ಚಹವನ್ನು ಸುರುವಿಕೊಂಡು ಕುಡಿಯುವ ಪುಟ್ಟ ತಟ್ಟೆಗೆ ನಮ್ಮ ಕಡೆ ಬಶಿ ಎನ್ನುತ್ತೇವೆ. ಕಪ್‌ಗಳು ಒಡೆದವೇ ಎಂದು ಅವರು ಕೇಳುತ್ತಾರೆ. ಒಡೆದಿಲ್ಲ, ಮೂಡಲಗಿಯಲ್ಲಿವೆ ಎನ್ನುತ್ತೇನೆ. ಅದರ ಮುಂದಿನದನ್ನು ಬಂದವರಿಗೆ ಹೇಳುವುದಿಲ್ಲ.

ನನ್ನ ಉದ್ಯೋಗವೆಲ್ಲ ಕಾಲನಿರ್ಣಯದ್ದು. ಶಾಸನಗಳ ಮತ್ತು ಹಳೆಯ ಕಾಗದಪತ್ರಗಳ ತೇದಿಗಳನ್ನು ಒಂದಕ್ಕೊಂದು ತಾಳೆ ನೋಡುತ್ತ ನಿವೃತ್ತನಾದೆ. ಜಪಾನಿನ ಮಣ್ಣಿನ ಮೋಹ ಹತ್ತಿದ್ದು ತಡವಾಗಿ. ಅಲ್ಲಿಗೆ ಹೋಗಿ ಬಂದ ಸಹೋದ್ಯೋಗಿಯೊಬ್ಬರು ತಂದುಕೊಟ್ಟ, ಈಚಿನ ಕುಂಬಾರನೊಬ್ಬನ ಸೊಟ್ಟ ಬಟ್ಟಲಿನಿಂದಲೇ ಅದು ಶುರುವಾಯಿತು. ಆಮೇಲೆ ನಮ್ಮ ಊರುಗಳಲ್ಲೇ ಜಪಾನಿನ ಸರಕು ಎಷ್ಟಿದೆಯೆಂದು ಕಣ್ಣಿಗೆ ಬೀಳತೊಡಗಿತು. ಮುಂಬಯಿಯ ಬಂದರಿನಲ್ಲಿ ಇಳಿದು, ನಿಪ್ಪಾಣಿ ಮತ್ತು ಸಂಕೇಶ್ವರದ ಪೇಟೆಗಳಿಗೆ ಬಂದು, ಅಲ್ಲಿಂದ ಚಕ್ಕಡಿಯಲ್ಲಿ ಹಳ್ಳಿಗಳಿಗೆ ಹೋದ ಕಪ್, ಬಶಿ, ಹೂಜಿ, ಗೋಡೆಗೆ ಹಚ್ಚುವ ಬಿಲ್ಲೆಗಳು. ಕೊಂಡವರಿಗೆ ಅವೆಲ್ಲ ಬರೀ ಚೀನೀ ಸಾಮಾನು. ಬುಡದ ಮುದ್ರೆ ಓದಿದರೆ ಮಾತ್ರ ದೇಶವೂ ಕಾಲವೂ ತಿಳಿಯುತ್ತವೆ.

ಆರು ಕಪ್‌ಗಳ ಸುದ್ದಿ ತಂದವರು ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಪರಿಚಿತರು. ಅವರ ತಾಯಿ ಮೂಡಲಗಿಯಲ್ಲಿ, ಸೊಸೆಯಂದಿರು ಮೊಮ್ಮಕ್ಕಳು ತುಂಬಿದ ಮನೆಯಲ್ಲಿ ಇದ್ದರು. ನಾನು ಮೊದಲ ಸಲ ಹೋದದ್ದು ಶ್ರಾವಣದಲ್ಲೆಂದು ಬಹುಕಾಲ ನಂಬಿದ್ದೆ. ಆದರೆ ಅಂದು ಅಂಗಳದಲ್ಲಿ ಹೆಂಗಸರು ಹಸಿಕಡಲೆ ಸುಲಿಯುತ್ತಿದ್ದುದು ಸ್ಪಷ್ಟವಾಗಿ ನೆನಪಿದೆ. ಆದ್ದರಿಂದ ಅದು ಚಳಿಗಾಲವೇ ಆಗಿರಬೇಕು.

ಮುದುಕಿ ಒಂದು ಕಪ್‌ನಲ್ಲಿ ಚಹ ತಂದು, ಅದನ್ನು ಸ್ಟೀಲಿನ ಸಣ್ಣ ತಾಟಿಗೆ ಸುರುವಿ ಮುಂದಿಟ್ಟರು. ನಾನು ತಾಟನ್ನು ಬಿಟ್ಟು ಖಾಲಿ ಕಪ್‌ ಎತ್ತಿಕೊಂಡು ಬುಡ ನೋಡಿದೆ. ಮುದ್ರೆ ಇರಲಿಲ್ಲ.

"ಇದರ ಬಶಿ ಎಲ್ಲಿ ಅವ್ವಾರ?"

"ಬಶಿ ಹುಕ್ಕೇರ್ಯಾಗ ಅದಾವ್ರಿ, ನಮ್ಮ ನೆಗೆಣ್ಣಿ ಕಡೆ. ಆಕೀನೂ ಅಲ್ಲೇ ಅದಾಳ, ನನ್ನ ಜೋಡಿ ಮಾತ ಬಿಟ್ಟು."

ನೆಗೆಣ್ಣಿ ಎಂದರೆ ಗಂಡನ ತಮ್ಮನ ಹೆಂಡತಿ. ಮಗ ನಕ್ಕರು. "ಆತ ನೋಡ್ರಿ ಸರ, ಪುರಾಣ ಶುರು ಆತು."

"ನೀ ಸುಮ್ನಿರೋ. ನಿನ್ನ ಪಾಠ ಕಾಲೇಜನ್ಯಾಗ ಹೇಳು," ಎಂದು ತಾಯಿ ಮಗನನ್ನು ಸುಮ್ಮನಾಗಿಸಿದರು.

ಪುರಾಣ ಇಷ್ಟು. ಕುಲಗೋಡದಲ್ಲಿ ಕೂಡಿದ್ದ ಮನೆತನ ವಾಟ್ಣಿಯಾದಾಗ, ಎಂದರೆ ಹೊಲಮನೆ ಪಾಲಾದಾಗ, ಮಾವ ಈ ಚಹದ ಸಾಮಾನನ್ನೂ ಪಾಲು ಮಾಡಿದರು: ಹಿರಿಯ ಸೊಸೆಗೆ ಆರು ಕಪ್, ಕಿರಿಯ ಸೊಸೆಗೆ ಆರು ಬಶಿ. ಅಷ್ಟರಲ್ಲಿ ಒಂದು ಮಾತು ಬೆಳೆಯಿತು. ಮಾವ ಇವನ್ನು ತಂದದ್ದು ತನ್ನನ್ನು ಮನೆ ತುಂಬಿಸಿಕೊಂಡಾಗ ಎಂದು ಹಿರಿಯಳು. ಅಲ್ಲ, ತನ್ನ ಲಗ್ನಕ್ಕೆ ಎಂದು ಕಿರಿಯಳು. ಹಿರಿಯಳ ಲಗ್ನ ಸ್ವಾತಂತ್ರ್ಯ ಬಂದ ಮೂರನೆಯ ವರ್ಷ. ಕಿರಿಯಳದು ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ. ತಂದವರು ತೀರಿಹೋದರು, ಇಬ್ಬರೂ ತಮ್ಮ ಮಾತು ಬಿಡಲಿಲ್ಲ.

"ನೀವು ಹಳೇ ಸಾಮಾನಿನ ತಾರೀಖ ಹೇಳಾವ್ರಂತ. ಇದರದ್ದೊಂದ ಹೇಳ್ರಿ ನೋಡೂಣು."

"ಬಶಿ ನೋಡದೆ ಹೇಳಲಿಕ್ಕೆ ಬರೂದಿಲ್ಲ ಅವ್ವಾರ. ಗುರುತು ಅದರ ಮೇಲಿರತದ."

ಅವರ ಮುಖ ಅರಳಿದ್ದು ಈಗ ನೆನಪಾಗುತ್ತದೆ. "ಹೋಗಿ ನೋಡ್ರಿ ಮತ್ತ. ಹಂಗ ಆಕಿ ಮೊಣಕಾಲನೂ ನೋಡ್ಕೊಂಡು ಬರ್ರಿ, ಭಾಳ ನೋಯ್ತಾವ ಅಂತಿದ್ಲಂತ. ನಿಮ್ಮ ಗೋಕಾಕ ನಡೂವ ಐತ್ರಿ ಸರ. ಆಕೀಗೂ ಅಷ್ಟ ದೂರ, ನನಗೂ ಅಷ್ಟ ದೂರ."

ಅವರು ಬಸ್ಸಿನ ಅನುಕೂಲದ ಮಾತಾಡುತ್ತಿದ್ದಾರೆಂದು ನಾನು ತಿಳಿದೆ. ಹೌದು, ಎರಡೂ ಕಡೆಗೆ ಬಸ್ಸುಗಳಿವೆ ಎಂದೆ.

ಹುಕ್ಕೇರಿಗೆ ಹೋದದ್ದು ಕಬ್ಬಿನ ಹಂಗಾಮು ಮುಗಿಯುವ ಮೊದಲೇ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ತೆವಳಿತ್ತು. ಕಿರಿಯ ಸೊಸೆ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಗಂಡ ಶಾಲೆಯ ಮಾಸ್ತರರಾಗಿದ್ದು ತೀರಿಕೊಂಡಿದ್ದರು. ಮಗ ಸೊಸೆ ಇಬ್ಬರೂ ನೌಕರಿಯವರು. ಮೂಡಲಗಿಯ ಮಾತು ತೆಗೆದ ಕೂಡಲೇ ಸೀರೆ ಸರಿಮಾಡಿಕೊಂಡು ಎದ್ದರು. ಅಡುಗೆಮನೆಯ ಗೋಡೆಯ ಮಾಡದಲ್ಲಿ, ಹಾಸಿದ ಹಳೆಯ ವೃತ್ತಪತ್ರಿಕೆಯ ಮೇಲೆ, ಆರು ಬಶಿಗಳು ಸಾಲಾಗಿದ್ದವು.

"ಕಪ್ಪ ಎಷ್ಟ ಉಳದಾವ್ರಿ? ಆಕಿ ಕೈ ಭಾಳ ಒರಟ. ನಾಕರೆ ಒಡದಿರ್ತಾಳಂತ ಮಾಡಿದ್ದೆ."

"ಆರೂ ಇವೆ ಅಕ್ಕಾರ. ಒಂದಕ್ಕೂ ಸೀಳು ಬಂದಿಲ್ಲ."

"ಹಂಗಂದ್ರ ಜ್ವಾಪಾನ ಮಾಡ್ಯಾಳ," ಎಂದರು. ಆಮೇಲೆ, "ಚಾಕ್ಕ ಇನ್ನೂ ಹಂಗ ಶುಂಠಿ ಹಾಕ್ತಾಳೇನ್ರಿ? ಬಾಯಿ ಸುಡೂವಂಗ?"

ನನಗೆ ಹೇಳಲಾಗಲಿಲ್ಲ. ಕಪ್‌ನ ಬಳ್ಳಿಯಲ್ಲಿ ಎಷ್ಟು ಎಲೆಗಳಿವೆಯೆಂದು ಕೇಳಿದ್ದರೆ ಹೇಳುತ್ತಿದ್ದೆ. ಅಂದು ಆ ಚಹ ತಾಟಿನಲ್ಲೇ ಆರಿಹೋಗಿತ್ತು.

ಬಶಿಯೊಂದನ್ನು ಮಗುಚಿ, ಬೆಳಕಿಗೆ ಹಿಡಿದು ಓದಿದೆ. ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಪರಸೈನ್ಯದ ಹಿಡಿತದಲ್ಲಿದ್ದ ಜಪಾನಿನಲ್ಲಿ ತಯಾರಾದದ್ದು ಎಂಬ ಮುದ್ರೆ. ಎರಡನೆಯ ಮಹಾಯುದ್ಧದ ಸೋಲಿನ ನಂತರ ಆ ದೇಶದಿಂದ ಹೊರಗೆ ಹೋಗುವ ಸರಕಿಗೆ ಒತ್ತುತ್ತಿದ್ದ ಮುದ್ರೆ ಅದು. ಆ ಹಿಡಿತ ತೀರಿದ್ದು ೧೯೫೨ರ ಏಪ್ರಿಲ್‌ನಲ್ಲಿ. ಮುದ್ರೆಯೂ ಅಲ್ಲಿಗೆ ನಿಂತಿತು. ಇಂಥ ಖಚಿತವಾದ ಮುದ್ರೆ ಸಿಗುವುದು ಅಪರೂಪ. ನನಗೆ ಆನಂದವಾಗಿತ್ತು, ಅದು ನನ್ನ ದನಿಯಲ್ಲೂ ಕೇಳಿಸಿರಬೇಕು.

"ಏನಂತೈತ್ರಿ ಜಪಾನ?" ಎಂದು ಆಕೆ ಕೇಳಿದರು.

ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. "ಅಂದ್ರ ನನ್ನ ಲಗ್ನಕ್ಕಿಂತ ಮೊದಲಿಂದು."

"ತಯಾರಾದ ಕಾಲ ಮೊದಲಿನದು ಅಕ್ಕಾರ. ಕೊಂಡ ಕಾಲ ಬೇರೆ ಇರಬಹುದು. ಅಂಗಡಿಯಲ್ಲಿ ಎಷ್ಟೋ ವರ್ಷ ಬಿದ್ದಿರಬಹುದು, ಮತ್ತೊಬ್ಬರ ಕೈಯಿಂದ ಬಂದಿರಬಹುದು..."

"ಸರ, ನೀವು ಕಲಿತಾವ್ರು ಒಂದ ಮಾತಿಗೆ ನಾಕ ಬಾಗಲಾ ಇಡ್ತೀರಿ. ನನಗ ಒಂದ ಸಾಕು. ಮೊದಲಂದ್ರ ಮೊದಲ." ಅವರು ಬಶಿಗಳನ್ನು ಒಂದೊಂದಾಗಿ ಇಳಿಸಿ, ಹಳೆಯ ನೂಲಿನ ಸೀರೆಯ ತುಂಡುಗಳಲ್ಲಿ ಸುತ್ತತೊಡಗಿದರು. "ಆಕಿವು. ಆಕೀಗೆ ಮುಟ್ಟಸ್ರಿ. ಇಷ್ಟ ದಿನ ಮಂದೀ ಸಾಮಾನಾ ನಂದಂತ ಕುಂತಿದ್ದೆ."

ನೀವೇ ಬಂದು ಕೊಡಿ ಎಂಬ ಒಂದು ಮಾತು ಅಲ್ಲಿ ಸಾಕಿತ್ತು. ಮೊಣಕಾಲು ನೋಯುವವರಿಗೆ ಮೂಡಲಗಿ ದೂರವಾದರೆ ಗೋಕಾಕ ಅರ್ಧ ದಾರಿ. ನನ್ನ ಬಾಯಿಗೆ ಅದು ಬರಲಿಲ್ಲ. ಎಷ್ಟೋ ಕಾಲ ಬೇರೆಯಾಗಿದ್ದ ಒಂದು ಜೋಡಿ ಪೂರ್ಣವಾಗುತ್ತದೆ ಎಂಬ ಸಂಗ್ರಾಹಕನ ಸಂತೋಷದಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತೆ.

ಮರುದಿನವೇ ಮೂಡಲಗಿಗೆ ಹೋದೆ. ರಿಕ್ಷಾದಿಂದ ಇಳಿದಾಗ ಹಿರಿಯ ಸೊಸೆ ಬಾಗಿಲಿಗೆ ಬಂದಿದ್ದರು. ನನ್ನ ಕೈಯ ಗಂಟನ್ನು ನೋಡಿ, ನನ್ನನ್ನು ದಾಟಿ ರಿಕ್ಷಾದೊಳಗೆ ಇಣುಕಿದರು.

"ಆಕಿ?"

"ಅವರು ಬಂದಿಲ್ಲ ಅವ್ವಾರ. ಬಶಿ ಕಳಿಸಿದ್ದಾರೆ. ನಿಮ್ಮ ಮಾತೇ ಖರೆ ಅಂದರು."

ಅವರು ಗಂಟನ್ನು ಮುಟ್ಟಲಿಲ್ಲ. "ನಾ ಬಶಿ ಕೇಳಿದ್ನೇನ್ರಿ ಸರ?"

ಒಳಗೆ ಕುಳಿತ ಮೇಲೆ ನಿಧಾನವಾಗಿ ಹೇಳಿದರು. ಕುಲಗೋಡದ ಮನೆಯಲ್ಲಿ ಸೊಸೆಯಂದಿರಿಗೆ ಚಹ ಕುಡಿಯುವ ಪದ್ಧತಿಯೇ ಇರಲಿಲ್ಲ. ಅತ್ತೆಯ ಕಣ್ಣು ತಪ್ಪಿಸಿ, ಗಂಡಸರಿಗೆ ಮಾಡಿ ಉಳಿದ ಒಂದು ಕಪ್‌ ಚಹವನ್ನು ಇಬ್ಬರೂ ಒಲೆಯ ಮುಂದೆ ಕುಳಿತು ಹಂಚಿಕೊಳ್ಳುತ್ತಿದ್ದರು. "ನನಗ ಕಪ್ಪ, ಆಕೀಗೆ ಬಶಿ. ಸಣ್ಣಾಕಿ, ಬಾಯಿ ಸುಡತೈತಂತ ಬಶಿ. ಮಾವನವರು ಒಮ್ಮಿ ನೋಡಿ ನೋಡದಂಗ ಹ್ವಾದ್ರು. ವಾಟ್ಣಿ ದಿನ ಅದಕ್ಕ ಹಂಗ ಹಂಚಿದ್ರು. ಕಪ್ಪ ಒಂದ ಮನ್ಯಾಗ, ಬಶಿ ಒಂದ ಮನ್ಯಾಗ ಇದ್ರ ಹೋಗೂದು ಬರೂದು ಮಾಡ್ತೀರಿ ಅಂದ್ರು. ನಾವು ಇಬ್ಬರೂ ಹುಚ್ಚರು, ಯಾರ ಲಗ್ನಕ್ಕ ತಂದದ್ದಂತ ಹಿಡ್ಕೊಂಡು ಕುಂತ್ವಿ."

ಮಗ ಹೊಸ್ತಿಲಲ್ಲಿ ನಿಂತಿದ್ದರು. ಈ ಸಲ ನಗಲಿಲ್ಲ.

"ಇಟ್ಟುಕೊಳ್ಳಿ ಅವ್ವಾರ, ಜೋಡಿ ಆಗತದ," ಎಂದೆ.

"ನನ್ನ ಮನ್ಯಾಗ ಇಟ್ರ ಗೆದ್ದಂಗ ಆಗತೈತ್ರಿ. ಗೆದ್ದು ಏನ ಮಾಡ್ಲಿ? ಬಶಿ ಆಕಿ ಕಡೆ ಇದ್ದಾಗ ಇವತ್ತಿಲ್ಲಾ ನಾಳೆ ಜಗಳಾಡಾಕರೆ ಬರ್ತಾಳ ಅಂತಿದ್ದೆ. ತಗೊಂಡ ಹೋಗ್ರಿ."

ಹೀಗೆ ಬಶಿಗಳು ಗೋಕಾಕಕ್ಕೆ ಬಂದವು. ಅವನ್ನು ಹುಕ್ಕೇರಿಗೆ ಹಿಂದಿರುಗಿಸಬೇಕೆಂದು ಅಂದೇ ನಿಶ್ಚಯಿಸಿದೆ. ಆದರೆ ಬರಿಗೈಯಲ್ಲಿ, ಎಂದರೆ ಆಧಾರವಿಲ್ಲದೆ ಹೋಗುವುದು ನನ್ನ ಸ್ವಭಾವದಲ್ಲಿರಲಿಲ್ಲ. ಆ ಸರಕು ನಮ್ಮ ಪೇಟೆಗಳಲ್ಲಿ ಎಷ್ಟು ಕಾಲ ಮಾರಾಟವಾಗುತ್ತಿತ್ತು ಎಂಬುದನ್ನು ಮೊದಲು ಗಟ್ಟಿಮಾಡಿಕೊಳ್ಳಬೇಕು, ಆಮೇಲೆ ಆಕೆಗೆ ಆ ಎರಡನೆಯ ಬಾಗಿಲನ್ನು ತೆರೆದು ತೋರಿಸಬೇಕು ಎಂದುಕೊಂಡೆ. ಸಂಕೇಶ್ವರದ ಹಳೆಯ ಅಂಗಡಿಯವರನ್ನು ಹುಡುಕುತ್ತ ಒಂದು ಮಳೆಗಾಲ ಹೋಯಿತು. ಕೊನೆಗೆ ಒಬ್ಬ ವೃದ್ಧ ವ್ಯಾಪಾರಿ ಸಿಕ್ಕರು. ತಮ್ಮ ತಂದೆ ಯುದ್ಧ ಮುಗಿದ ಮೇಲೆ ತರಿಸಿದ ಜಪಾನಿನ ಪೆಟ್ಟಿಗೆಗಳು ತಾವು ಅಂಗಡಿಯ ಗಲ್ಲೆಗೆ ಕೂತ ಮೇಲೂ ಖರ್ಚಾಗುತ್ತಿದ್ದವು ಎಂದರು. ಅವರು ಗಲ್ಲೆಗೆ ಕೂತದ್ದು ಜಿಲ್ಲೆ ಮೈಸೂರಿಗೆ ಸೇರಿದ ಮೇಲೆ. ಅಂದರೆ ಯಾರ ಲಗ್ನಕ್ಕೂ ತಂದಿರಬಹುದಿತ್ತು. ನಾನು ಹುಕ್ಕೇರಿಯಲ್ಲಿ ಅಂದು ನಿಂತ ನಿಲುವಿನಲ್ಲಿ ಹೇಳಿದ್ದೇ ಅದು. ಇಷ್ಟು ತಿರುಗಿ ಅದಕ್ಕಿಂತ ಒಂದಕ್ಷರವೂ ಹೆಚ್ಚು ತಿಳಿಯಲಿಲ್ಲ.

ಅದನ್ನು ಹೇಳಲು ಹೊರಡುವ ಮೊದಲೇ ಅರಭಾವಿಯಿಂದ ಫೋನ್ ಬಂತು. ಹುಕ್ಕೇರಿಯ ಕಾಕು, ಎಂದರೆ ಅವರ ಚಿಕ್ಕಮ್ಮ, ತೀರಿಕೊಂಡಿದ್ದರು. "ಅವ್ವನ ಕರಕೊಂಡು ಹೊಂಟೇವಿ ಸರ," ಎಂದರು ಮಗ.

ನಾನು ಮೂಡಲಗಿಗೆ ಮತ್ತೆ ಹೋಗುವ ಹೊತ್ತಿಗೆ ದಿನಕರ್ಮಗಳೆಲ್ಲ ಮುಗಿದಿದ್ದವು. ಹಿರಿಯ ಸೊಸೆ ಒಲೆಯ ಹತ್ತಿರವೇ ಕುಳಿತಿದ್ದರು. ನಾನು ಸಂಕೇಶ್ವರದ ವಿಷಯ ತೆಗೆಯಲಿಲ್ಲ. ಅವರೇ ಮಾತಾಡಿದರು.

"ಮಣ್ಣ ಕೊಟ್ಟ ಬಂದು ಅಡಗಿಮನ್ಯಾಗ ಹ್ವಾದ್ನಿರಿ. ಮಾಡದಾಗ ಪೇಪರ ಹಾಸಿದ್ದು ಹಂಗ ಇತ್ತು. ಹೊಗಿ ಹತ್ತಿ ಕರ್ರಗ ಆಗೇತಿ, ಬಶಿ ಇಟ್ಟಲ್ಲಿ ಮಾತ್ರ ದುಂಡಕ ಬೆಳ್ಳಗ ಆರು ಗುರುತು. ಆಕಿ ಸೊಸಿ ಹೇಳಿದ್ಲು, ಅತ್ತಿ ಅಲ್ಲಿ ಬ್ಯಾರೆ ಏನೂ ಇಡಗೊಡಲಿಲ್ಲ ಅಂತ."

"ಬಶಿ ತಂದುಕೊಡಲೇನ್ರಿ ಅವ್ವಾರ?"

"ಬ್ಯಾಡ್ರಿ. ಈಗ ಬಂದ್ರ ಬರೇ ಬಶಿ." ಚಹದ ಪಾತ್ರೆ ಇಳಿಸುತ್ತ, "ಗೋಕಾಕ ನಡೂವ ಐತಿ, ನಿಮ್ಮ ಮನೀಗೆ ಒಮ್ಮಿ ಇಬ್ಬರನ್ನೂ ಕರೀತೀರಿ ಅಂತ ಮಾಡಿದ್ದೆ ಸರ. ನನ್ನ ಬಾಯಿಲೆ ಹೆಂಗ ಕೇಳ್ಲಿ? ಆಕಿ ಸಣ್ಣಾಕಿ, ನಾ ದೊಡ್ಡಾಕಿ," ಎಂದರು.

ಅವರು ಚಹ ಸೋಸಿ ಒಂದೇ ಕಪ್‌ಗೆ ತುಂಬಿದರು. ಅದರಲ್ಲಿ ಅರ್ಧವನ್ನು ಸ್ಟೀಲಿನ ತಾಟಿಗೆ ಸುರುವಿ ನನ್ನ ಕಡೆ ಸರಿಸಿದರು. ಉಳಿದದ್ದನ್ನು ತಾವೇ ಕಪ್‌ನಲ್ಲಿ ಹಿಡಿದುಕೊಂಡರು.

"ಕುಡೀರಿ. ಮೊದಲ ಬಂದಾಗ ಬಿಟ್ಟಂಗ ಬಿಡಬ್ಯಾಡ್ರಿ, ಆರತೈತಿ."

ಎರಡೂ ಕೈಯಿಂದ ತಾಟನ್ನು ಎತ್ತಿದೆ. ಶುಂಠಿ ಬಹಳವಿತ್ತು, ಬಾಯಿ ಸುಡುವ ಹಾಗೆ. ತಾಟಿನ ಅಂಚು ದಪ್ಪ. ಬಶಿಯಂತೆ ತುಟಿಗೆ ಕೂಡುವುದಿಲ್ಲ. ಅರ್ಧದಷ್ಟು ಚಹ ನನ್ನ ಅಂಗಿಯ ಮೇಲೆ ಸುರಿಯಿತು.